ರಾಷ್ಟ್ರದ ದಿಗ್ಬಂಧನ, ರಾಜ್ಯಗಳ ವ್ಯಾಪಾರ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಕ್ಯೂಬಾದ ಮೇಲೆ ಅಮೆರಿಕ ಹೇರಿರುವ ಆರ್ಥಿಕ ದಿಗ್ಬಂಧನದ ನಡುವೆಯೂ ಅಮೆರಿಕದ್ದೇ ಹಲವು ರಾಜ್ಯ ಸರ್ಕಾರಗಳು ಹವಾನಾದೊಂದಿಗೆ ವ್ಯಾಪಾರ ಕುದುರಿಸಲು ಹೊರಟದ್ದನ್ನು ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಒಂದು ರಾಷ್ಟ್ರವು ಇನ್ನೊಂದರೊಡನೆ ವ್ಯವಹಾರ ಬೇಡವೆಂದು ತೀರ್ಮಾನಿಸಿದ ಮೇಲೆ ಅದರ ಅಂಗವೇ ಆದ ರಾಜ್ಯವೊಂದರ ಗವರ್ನರ್ (ಅಲ್ಲಿ ರಾಜ್ಯ ಸರ್ಕಾರದ ಚುನಾಯಿತ ಮುಖ್ಯಸ್ಥ) ವರ್ತಕರನ್ನು ಜೊತೆಗಿಟ್ಟುಕೊಂಡು ಅಲ್ಲಿಗೇ ಹೋಗುವುದು ಆ ತೀರ್ಮಾನಕ್ಕೆ ಮಾಡುವ ದ್ರೋಹವೆಂದು ತಾವು ಬರೆದಿದ್ದೀರಿ. ಕ್ಯೂಬಾದ ಸರ್ಕಾರ ಈ ರಾಜ್ಯಗಳನ್ನು ದಾಳಗಳಾಗಿ ಬಳಸಿಕೊಂಡಿತೆಂದೂ, ನಮ್ಮ ಲೇಖನ ಅದನ್ನು ಗಮನಿಸದೆ ರಾಜ್ಯಗಳ ಪರ ವಾಲಿತೆಂದೂ ತಮ್ಮ ಆಕ್ಷೇಪವಿದೆ. ಎರಡನೆಯ ಮಾತಿನಲ್ಲಿ ಸತ್ಯಾಂಶವಿದೆ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ದಿಗ್ಬಂಧನವೆಂದರೆ ಎಲ್ಲ ಕಾಲಕ್ಕೂ ಒಂದೇ ಆಕಾರದಲ್ಲಿ ನಿಂತ ಕೋಟೆಗೋಡೆಯೆಂಬ ಕಲ್ಪನೆ ತಮ್ಮ ಪತ್ರದ ಹಿಂದೆ ಇರುವಂತೆ ಕಾಣುತ್ತದೆ. ಕ್ಯೂಬಾದ ವಿಷಯದಲ್ಲಿ ಹಾಗಾಗಿಲ್ಲ. 1960ರ ಅಕ್ಟೋಬರಿನಲ್ಲಿ ಐಸೆನ್‌ಹೋವರ್ ಆಡಳಿತ ರಫ್ತನ್ನು ನಿಲ್ಲಿಸಿದಾಗ ಆಹಾರ ಮತ್ತು ಔಷಧಗಳನ್ನು ಹೊರಗಿಟ್ಟಿತ್ತು. 1962ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೆನಡಿ ದಿಗ್ಬಂಧನವನ್ನು ಬಹುತೇಕ ಎಲ್ಲ ವ್ಯಾಪಾರಕ್ಕೂ ವಿಸ್ತರಿಸಿದರು. 1992ರ ಕಾಯ್ದೆ ಬೇರೆ ದೇಶಗಳಲ್ಲಿರುವ ಅಮೆರಿಕನ್ ಕಂಪನಿಗಳ ಅಂಗಸಂಸ್ಥೆಗಳನ್ನೂ ಕಟ್ಟಿಹಾಕಿತು. 1996ರ ಫೆಬ್ರವರಿಯಲ್ಲಿ ಮಯಾಮಿಯ ವಲಸಿಗರ ಸಂಘಟನೆಯೊಂದರ ಎರಡು ಪುಟ್ಟ ವಿಮಾನಗಳನ್ನು ಕ್ಯೂಬಾದ ವಾಯುಪಡೆ ಹೊಡೆದುರುಳಿಸಿದ ಬೆನ್ನಲ್ಲೇ ಹೆಲ್ಮ್ಸ್-ಬರ್ಟನ್ ಕಾಯ್ದೆ ಬಂದಿತು. ಅಲ್ಲಿಯವರೆಗೆ ಮುಖ್ಯವಾಗಿ ಅಧ್ಯಕ್ಷರ ಆಜ್ಞೆಗಳ ಮೇಲೆ ನಿಂತಿದ್ದ ದಿಗ್ಬಂಧನವನ್ನು ಈ ಕಾಯ್ದೆ ಶಾಸನದೊಳಗೆ ಬರೆದಿಟ್ಟಿತು. ಅಧ್ಯಕ್ಷರು ಬಯಸಿದರೂ ತಾವಾಗಿಯೇ ಅದನ್ನು ಪೂರ್ತಿ ತೆಗೆದುಹಾಕಲಾರದ ಸ್ಥಿತಿ ಅಂದಿನಿಂದ ಬಂದಿದೆ.

ಹೀಗೆ ಬಿಗಿಯುತ್ತ ಬಂದ ಕಾನೂನನ್ನು ನಾಲ್ಕೇ ವರ್ಷಗಳಲ್ಲಿ ಒಂದು ಕಡೆ ಸಡಿಲಿಸಿದ್ದು ಯಾವ ಗವರ್ನರೂ ಅಲ್ಲ, ಅಮೆರಿಕದ ಸಂಸತ್ತೇ. 2000ದ ಅಕ್ಟೋಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ವ್ಯಾಪಾರ ನಿರ್ಬಂಧ ಸುಧಾರಣಾ ಕಾಯ್ದೆಯು ಕೃಷಿ ಉತ್ಪನ್ನಗಳನ್ನು ಪರವಾನಗಿ ಪಡೆದು ಕ್ಯೂಬಾಕ್ಕೆ ಮಾರಲು ಅವಕಾಶ ಕೊಟ್ಟಿತು. ಇದಕ್ಕಾಗಿ ಮುಂದೆ ನಿಂತು ಹೋರಾಡಿದವರಲ್ಲಿ ವಾಷಿಂಗ್ಟನ್ ರಾಜ್ಯದ ಗೋಧಿ ಬೆಳೆಯುವ ಪ್ರದೇಶವನ್ನು ಪ್ರತಿನಿಧಿಸುತ್ತಿದ್ದ ರಿಪಬ್ಲಿಕನ್ ಸದಸ್ಯ ಜಾರ್ಜ್ ನೆದರ್‌ಕಟ್ ಒಬ್ಬರು. ಕ್ಯೂಬಾದ ಆಡಳಿತದ ಬಗ್ಗೆ ಅವರಿಗೆ ಒಲವಿತ್ತೆಂದು ಯಾರೂ ಹೇಳಲಾರರು. ಅವರ ಹಿಂದೆ ಇದ್ದದ್ದು ರೈತರ ಹಳೆಯ ನೋವು. 1980ರ ಜನವರಿಯಲ್ಲಿ, ಅಫ್ಘಾನಿಸ್ತಾನದ ಮೇಲಿನ ದಾಳಿಗೆ ಪ್ರತಿಯಾಗಿ, ಅಧ್ಯಕ್ಷ ಕಾರ್ಟರ್ ಸೋವಿಯತ್ ಒಕ್ಕೂಟಕ್ಕೆ ಹೋಗಬೇಕಿದ್ದ ಸುಮಾರು 1.7 ಕೋಟಿ ಟನ್ ಧಾನ್ಯವನ್ನು ತಡೆದಾಗ ಸೋವಿಯತ್ತರು ಅರ್ಜೆಂಟೀನಾದಂಥ ದೇಶಗಳಿಂದ ಕೊಂಡರು, ಅಮೆರಿಕದ ಧಾನ್ಯ ಪ್ರದೇಶಗಳ ರೈತರು ಮಾರುಕಟ್ಟೆ ಕಳೆದುಕೊಂಡರು. ಮರುವರ್ಷ ರೇಗನ್ ಆ ತಡೆಯನ್ನು ತೆಗೆದರು. ಆದರೆ ವಿದೇಶಾಂಗ ನೀತಿಯ ಬೆಲೆಯನ್ನು ತಮ್ಮಿಂದಲೇ ವಸೂಲು ಮಾಡಲಾಗುತ್ತದೆ ಎಂಬ ಭಾವನೆ ಕೃಷಿ ರಾಜ್ಯಗಳಲ್ಲಿ ಉಳಿದುಕೊಂಡಿತು. ಗವರ್ನರುಗಳ ಹವಾನಾ ಯಾತ್ರೆಗಳನ್ನು ಈ ನೆನಪಿನ ಹಿನ್ನೆಲೆಯಲ್ಲಿ ನೋಡದಿದ್ದರೆ ಅವು ಬರೀ ಪ್ರಚಾರದ ಆಟದಂತೆ ಕಾಣುತ್ತವೆ.

ಹೊಸ ಕಾಯ್ದೆ ಬಂದರೂ ಕ್ಯೂಬಾ ಮೊದಲು ಒಂದು ಕಾಳನ್ನೂ ಕೊಳ್ಳಲಿಲ್ಲ. ಅದರ ಷರತ್ತುಗಳು ಅವಮಾನಕರವೆಂದು ದೂರ ನಿಂತಿತು. 2001ರ ನವೆಂಬರಿನಲ್ಲಿ ಮಿಶೆಲ್ ಚಂಡಮಾರುತ ದ್ವೀಪವನ್ನು ಅಪ್ಪಳಿಸಿದಾಗ ಅಮೆರಿಕ ನೆರವು ಕೊಡಲು ಮುಂದಾಯಿತು. ದಾನ ಬೇಡ, ಹಣ ಕೊಟ್ಟೇ ಕೊಳ್ಳುತ್ತೇವೆ ಎಂದು ಫಿಡೆಲ್ ಕ್ಯಾಸ್ಟ್ರೋ ಸರ್ಕಾರ ಉತ್ತರಿಸಿತು. ಡಿಸೆಂಬರಿನಲ್ಲಿ ಶೈತ್ಯೀಕರಿಸಿದ ಕೋಳಿಮಾಂಸ ಮತ್ತು ಮೆಕ್ಕೆಜೋಳ ಹೊತ್ತ ಅಮೆರಿಕದ ಹಡಗುಗಳು ಹವಾನಾ ತಲುಪಿದವು. ಒಂದೇ ಸಲದ ಖರೀದಿಯೆಂದು ಆರಂಭವಾದದ್ದು ನಿರಂತರ ವ್ಯವಹಾರವಾಯಿತು.

ಗವರ್ನರುಗಳಲ್ಲಿ ಮೊದಲು ಹೋದವರು ಇಲಿನಾಯ್‌ನ ರಿಪಬ್ಲಿಕನ್ ಗವರ್ನರ್ ಜಾರ್ಜ್ ರಯಾನ್; 1999ರಲ್ಲಿ, ಅಂದರೆ ಕೃಷಿ ರಫ್ತಿಗೆ ಅನುಮತಿ ಸಿಗುವ ಮೊದಲೇ, ಮಾನವೀಯ ನೆರವಿನ ನೆಲೆಯಲ್ಲಿ ಅವರು ಹವಾನಾಕ್ಕೆ ಭೇಟಿ ಕೊಟ್ಟಿದ್ದರು. 2002ರಲ್ಲಿ ಹವಾನಾದಲ್ಲಿ ನಡೆದ ಅಮೆರಿಕನ್ ಆಹಾರ ಮೇಳಕ್ಕೆ ಮಿನೆಸೋಟಾದ ಜೆಸ್ಸಿ ವೆಂಚುರಾ ಹೋದರು. 2005ರಲ್ಲಿ ಲೂಸಿಯಾನಾದ ಕ್ಯಾಥ್ಲೀನ್ ಬ್ಲಾಂಕೋ ಮತ್ತು ನೆಬ್ರಾಸ್ಕದ ಡೇವ್ ಹೈನೆಮನ್, 2007ರಲ್ಲಿ ಐಡಹೋದ ಬುಚ್ ಆಟರ್ ಹೋದರು. ಇವರಲ್ಲಿ ಎರಡೂ ಪಕ್ಷದವರಿದ್ದರು, ಮತ್ತು ಪ್ರತಿಯೊಬ್ಬರ ಹಿಂದೆಯೂ ಒಂದು ಬೆಳೆ ಇತ್ತು: ಲೂಸಿಯಾನಾಕ್ಕೆ ಅಕ್ಕಿ ಮತ್ತು ಬಂದರು, ನೆಬ್ರಾಸ್ಕಕ್ಕೆ ಒಣ ಬೀನ್ಸ್ ಮತ್ತು ಗೋಧಿ. ಕ್ರಾಂತಿಗೆ ಮೊದಲು ಅಮೆರಿಕದ ಅಕ್ಕಿಗೆ ಕ್ಯೂಬಾವೇ ದೊಡ್ಡ ಗಿರಾಕಿಯಾಗಿತ್ತೆಂಬುದನ್ನು ಮಿಸಿಸಿಪಿ ಕಣಿವೆಯ ಭತ್ತದ ಬೆಳೆಗಾರರು ಮರೆತಿರಲಿಲ್ಲ.

ಈ ಭೇಟಿಗಳಲ್ಲಿ ರಾಜ್ಯ ಸರ್ಕಾರ ನಿಜವಾಗಿ ಮಾಡಿದ್ದೇನು ಎಂಬುದನ್ನು ಬಿಡಿಸಿ ನೋಡೋಣ. ಮಾರುವವರು ಖಾಸಗಿ ಕಂಪನಿಗಳು ಮತ್ತು ರೈತರ ಸಹಕಾರಿ ಸಂಘಗಳು. ಕೊಳ್ಳುವುದು ಅಲಿಂಪೋರ್ಟ್ ಎಂಬ ಕ್ಯೂಬಾ ಸರ್ಕಾರದ ಸಂಸ್ಥೆ. ಸರಕಿಗೆ ಕೇಂದ್ರದ ವಾಣಿಜ್ಯ ಇಲಾಖೆಯ ಅನುಮತಿ ಬೇಕು, ಪ್ರಯಾಣಕ್ಕೆ ಖಜಾನೆ ಇಲಾಖೆಯ ನಿಯಮಗಳು ಅನ್ವಯಿಸುತ್ತವೆ. ರಾಜ್ಯವು ಪರಿಚಯ ಮಾಡಿಸುತ್ತದೆ, ನಿಯೋಗ ಕಟ್ಟುತ್ತದೆ, ಖರೀದಿಯ ಆಶಯ ಪತ್ರಕ್ಕೆ ಸಾಕ್ಷಿಯಾಗುತ್ತದೆ. ಅಮೆರಿಕದ ಸಂವಿಧಾನದ ಮೊದಲ ವಿಧಿಯ ಹತ್ತನೆಯ ವಿಭಾಗವು ರಾಜ್ಯಗಳು ವಿದೇಶಗಳೊಂದಿಗೆ ಸಂಧಿ ಮಾಡಿಕೊಳ್ಳುವುದನ್ನು ಸಂಪೂರ್ಣ ನಿಷೇಧಿಸುತ್ತದೆ. ಸಂಸತ್ತಿನ ಒಪ್ಪಿಗೆಯಿಲ್ಲದೆ ಬೇರೆ ಒಡಂಬಡಿಕೆಗೂ ಎಡೆಯಿಲ್ಲ. ಈ ಗೆರೆಯನ್ನು ದಾಟದೆ ತನ್ನ ರೈತರಿಗೆ ಗಿರಾಕಿ ಹುಡುಕುವುದು ದ್ರೋಹವೆಂದರೆ, ಸಂಸತ್ತು ಮಾಡಿದ ಕಾನೂನನ್ನೇ ಬಳಸಿಕೊಂಡದ್ದಕ್ಕೆ ಆ ಹೆಸರು ಕೊಟ್ಟಂತಾಗುತ್ತದೆ.

ಈಗ ತಮ್ಮ ಎರಡನೆಯ ಆಕ್ಷೇಪಕ್ಕೆ ಬರುತ್ತೇನೆ. ಇದು ಗಟ್ಟಿಯಾದದ್ದು, ಲೇಖನದಲ್ಲಿ ಇದಕ್ಕೆ ಹೆಚ್ಚಿನ ಜಾಗ ಸಿಗಬೇಕಿತ್ತೆಂಬುದನ್ನೂ ಒಪ್ಪುತ್ತೇನೆ. ಅಲಿಂಪೋರ್ಟ್ ಬೆಲೆ ಮತ್ತು ಗುಣಮಟ್ಟವನ್ನಷ್ಟೇ ನೋಡಿ ಕೊಳ್ಳುತ್ತಿರಲಿಲ್ಲ. ಖರೀದಿಯನ್ನು ಅನೇಕ ರಾಜ್ಯಗಳಿಗೆ ಹಂಚಿ, ಪ್ರತಿ ರಾಜ್ಯದ ಸೆನೆಟರ್ ಮತ್ತು ಪ್ರತಿನಿಧಿಗಳು ದಿಗ್ಬಂಧನದ ವಿರುದ್ಧ ಮಾತಾಡುವಂತಾಗಲಿ ಎಂಬ ಲೆಕ್ಕವೂ ಅದರಲ್ಲಿತ್ತು. ಕೆಲವು ನಿಯೋಗಗಳಿಂದ ವ್ಯಾಪಾರ ಸಂಬಂಧ ಸಹಜಗೊಳ್ಳಲು ಶ್ರಮಿಸುತ್ತೇವೆ ಎಂಬ ಮಾತನ್ನೂ ಪತ್ರದಲ್ಲಿ ಬರೆಸಿಕೊಳ್ಳಲಾಯಿತು. ಚುನಾಯಿತ ಪ್ರತಿನಿಧಿಯೊಬ್ಬ ತನ್ನ ಜನರ ಹಿತಕ್ಕಾಗಿ ದಿಗ್ಬಂಧನವನ್ನು ವಿರೋಧಿಸಲಿ, ಅದು ಅವನ ಹಕ್ಕು. ಆದರೆ ಸರಕು ಕೊಳ್ಳುವ ವಿದೇಶಿ ಸರ್ಕಾರಕ್ಕೆ ಅದನ್ನು ಬರವಣಿಗೆಯಲ್ಲಿ ಭರವಸೆ ಕೊಡುವುದು ಬೇರೆಯೇ ಮಾತು. ಅಲ್ಲಿ ಅಭಿಪ್ರಾಯವು ಬೆಲೆಯ ಒಂದು ಭಾಗವಾಗಿಬಿಡುತ್ತದೆ. 2003ರ ಮಾರ್ಚ್ ತಿಂಗಳಲ್ಲಿ ಪತ್ರಕರ್ತರು, ಗ್ರಂಥಾಲಯ ನಡೆಸುವವರು ಸೇರಿದಂತೆ 75 ಮಂದಿ ಭಿನ್ನಮತೀಯರನ್ನು ಕ್ಯೂಬಾ ಸರ್ಕಾರ ಬಂಧಿಸಿ, ಹಲವರಿಗೆ ದೀರ್ಘ ಸೆರೆವಾಸ ವಿಧಿಸಿತು. ಆ ವರ್ಷವೂ ಖರೀದಿ ಒಪ್ಪಂದಗಳು ನಿಲ್ಲಲಿಲ್ಲ. ಮಾರಾಟ ನಿಲ್ಲಿಸಬೇಕಿತ್ತೆಂದು ನಾನು ಹೇಳುವುದಿಲ್ಲ. ಏಕೆಂದರೆ ಆಹಾರ ಸೇರುವುದು ಪಡಿತರದ ಸಾಲಿನಲ್ಲಿ ನಿಂತವರಿಗೂ ಹೌದು. ಆದರೆ ಮಾರಲು ಹೋದವರು ಆ ಬಂಧಿತರ ಬಗ್ಗೆ ಬಾಯಿ ತೆರೆಯಬಹುದಿತ್ತು, ತೆರೆಯಬೇಕಿತ್ತು.

ರಾಜ್ಯವೊಂದು ದಿಗ್ಬಂಧನವನ್ನು ಸಡಿಲಿಸುವ ಕಡೆಗೆ ಎಳೆದಾಗ ಮಾತ್ರ ತಮ್ಮ ಕೋಪ ಕೆರಳಿದೆ. ಅದೇ ರಾಜ್ಯ ಇನ್ನಷ್ಟು ಬಿಗಿಯುವ ಕಡೆಗೆ ಎಳೆದರೆ? ಇದೂ ನಡೆದಿದೆ. ಬರ್ಮಾದ ಸೇನಾ ಆಡಳಿತವನ್ನು ವಿರೋಧಿಸಿ ಮ್ಯಾಸಚೂಸೆಟ್ಸ್ 1996ರಲ್ಲಿ ಒಂದು ಕಾಯ್ದೆ ಮಾಡಿತು: ಬರ್ಮಾದಲ್ಲಿ ವ್ಯವಹಾರ ನಡೆಸುವ ಕಂಪನಿಗಳಿಂದ ರಾಜ್ಯದ ಇಲಾಖೆಗಳು ಸುಲಭವಾಗಿ ಕೊಳ್ಳುವಂತಿರಲಿಲ್ಲ. ಆ ಕಾಯ್ದೆಯ ಉದ್ದೇಶ ಉದಾತ್ತವಾಗಿತ್ತು, ಸೇನೆಯ ದೌರ್ಜನ್ಯ ನಿಜವಾಗಿತ್ತು. ಆದರೂ 2000ದ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಅದನ್ನು ಅಸಿಂಧುಗೊಳಿಸಿತು. ಬರ್ಮಾದೊಂದಿಗೆ ಎಷ್ಟು ಬಿಗಿಯಾಗಿ, ಎಷ್ಟು ಸಡಿಲವಾಗಿ ವರ್ತಿಸಬೇಕೆಂಬ ಅಳತೆಯನ್ನು ಸಂಸತ್ತು ಅಧ್ಯಕ್ಷರ ಕೈಗೆ ಕೊಟ್ಟಿರುವಾಗ ರಾಜ್ಯವೊಂದು ತನ್ನದೇ ಅಳತೆ ಹಿಡಿದು ಅಡ್ಡ ಬರುವಂತಿಲ್ಲವೆಂಬುದು ತೀರ್ಪಿನ ತಿರುಳು. ಕ್ಯೂಬಾದ ವಿಷಯದಲ್ಲಿ ಫ್ಲಾರಿಡಾ 2012ರಲ್ಲಿ ಹೆಚ್ಚು ಕಡಿಮೆ ಇದನ್ನೇ ಮಾಡಿತು: ಕ್ಯೂಬಾ ಅಥವಾ ಸಿರಿಯಾದೊಂದಿಗೆ ವ್ಯವಹಾರವಿರುವ ಕಂಪನಿಗಳಿಗೆ ಸರ್ಕಾರಿ ಗುತ್ತಿಗೆ ಕೊಡಬಾರದೆಂದಿತು. ಹವಾನಾದ ಪಶ್ಚಿಮಕ್ಕಿರುವ ಮರಿಯೆಲ್ ಬಂದರಿನ ನಿರ್ಮಾಣದಲ್ಲಿ ತೊಡಗಿದ್ದ ಬ್ರೆಜಿಲ್‌ನ ಉದ್ಯಮ ಸಮೂಹದ ಅಮೆರಿಕನ್ ಶಾಖೆಯೊಂದು ನ್ಯಾಯಾಲಯದ ಮೆಟ್ಟಿಲೇರಿತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯವು ಬರ್ಮಾ ತೀರ್ಪನ್ನೇ ಆಧರಿಸಿ ಫ್ಲಾರಿಡಾದ ಕಾಯ್ದೆಗೆ ನೀಡಿದ್ದ ತಡೆಯನ್ನು ಎತ್ತಿಹಿಡಿಯಿತು. ರಾಜ್ಯಗಳು ರಾಷ್ಟ್ರದ ನೀತಿಗೆ ತಲೆಬಾಗಬೇಕೆಂಬ ತಮ್ಮ ತತ್ವವನ್ನು ಪ್ರಾಮಾಣಿಕವಾಗಿ ಅನ್ವಯಿಸಿದರೆ ಮೊದಲು ಸಿಕ್ಕಿಬೀಳುವುದು ನೆಬ್ರಾಸ್ಕದ ಬೀನ್ಸ್ ಅಲ್ಲ, ಫ್ಲಾರಿಡಾದ ಕಾಯ್ದೆ.

2017ರ ಜನವರಿಯಲ್ಲಿ ಫ್ಲಾರಿಡಾದ ಎವರ್‌ಗ್ಲೇಡ್ಸ್ ಮತ್ತು ಪಾಮ್ ಬೀಚ್ ಬಂದರುಗಳು ಕ್ಯೂಬಾದ ಬಂದರು ಆಡಳಿತದೊಡನೆ ತಿಳುವಳಿಕೆ ಪತ್ರಕ್ಕೆ ಸಹಿ ಹಾಕಲು ಸಿದ್ಧವಾದಾಗ, ಹಾಗೆ ಮಾಡಿದರೆ ರಾಜ್ಯದ ಅನುದಾನ ಸಿಗದೆಂದು ಗವರ್ನರ್ ರಿಕ್ ಸ್ಕಾಟ್ ಎಚ್ಚರಿಸಿದರು. ಬಂದರುಗಳು ಹಿಂದೆ ಸರಿದವು. ಒಂದೇ ದೇಶದ ಒಂದೇ ಕಾನೂನಿನಡಿ ಒಬ್ಬ ಗವರ್ನರ್ ಹವಾನಾಕ್ಕೆ ನಿಯೋಗ ಕೊಂಡೊಯ್ದರೆ, ಇನ್ನೊಬ್ಬರು ಹವಾನಾದ ನಿಯೋಗಕ್ಕೆ ಬಾಗಿಲು ಹಾಕಿದರು.

ಇಷ್ಟೆಲ್ಲ ಓಡಾಟದಿಂದ ವ್ಯಾಪಾರ ಬೆಳೆಯಿತೇ? 2008ರಲ್ಲಿ ಅಮೆರಿಕ ಕ್ಯೂಬಾಕ್ಕೆ ಮಾರಿದ ಆಹಾರದ ಮೊತ್ತ ಸುಮಾರು 71 ಕೋಟಿ ಡಾಲರ್. 2014ರ ಡಿಸೆಂಬರಿನಲ್ಲಿ ಒಬಾಮಾ ಮತ್ತು ರೌಲ್ ಕ್ಯಾಸ್ಟ್ರೋ ಸಂಬಂಧ ಸುಧಾರಣೆಯನ್ನು ಘೋಷಿಸಿದ ಮೇಲೆ ನ್ಯೂಯಾರ್ಕ್‌ನ ಆಂಡ್ರೂ ಕುಮೊ, ಆರ್ಕನ್ಸಾದ ಏಸಾ ಹಚಿನ್ಸನ್, ಟೆಕ್ಸಾಸ್‌ನ ಗ್ರೆಗ್ ಅಬಟ್ ಎಲ್ಲರೂ 2015ರಲ್ಲೇ ಹವಾನಾಕ್ಕೆ ಹೋಗಿಬಂದರು. ಆದರೆ ಅದೇ ವರ್ಷ ಮಾರಾಟ 20 ಕೋಟಿ ಡಾಲರಿಗಿಂತ ಕೆಳಗಿಳಿದಿತ್ತು. ಕಾರಣ 2000ದ ಕಾಯ್ದೆಯೊಳಗೇ ಇದೆ. ಫ್ಲಾರಿಡಾದ ಸದಸ್ಯರ ಒತ್ತಾಯಕ್ಕೆ ಮಣಿದು ಮಾಡಿಕೊಂಡ ರಾಜಿಯಂತೆ, ಮಾರಾಟಕ್ಕೆ ಅನುಮತಿ ಕೊಟ್ಟ ಕಾಯ್ದೆಯೇ ಉದ್ರಿಯನ್ನು ನಿಷೇಧಿಸಿತು: ಕೊಳ್ಳುವವರು ಮುಂಗಡವಾಗಿ ನಗದು ಕೊಡಬೇಕು, ಇಲ್ಲವೇ ಮೂರನೆಯ ದೇಶದ ಬ್ಯಾಂಕಿನ ಮೂಲಕ ಹಣ ಹೊಂದಿಸಬೇಕು. 2005ರಲ್ಲಿ ಖಜಾನೆ ಇಲಾಖೆಯು ಹಡಗು ಅಮೆರಿಕದ ಬಂದರು ಬಿಡುವ ಮೊದಲೇ ಹಣ ಕೈಸೇರಬೇಕೆಂದು ಅರ್ಥೈಸಿ ಇದನ್ನು ಇನ್ನೂ ಬಿಗಿಮಾಡಿತು; 2015ರ ಜನವರಿಯಲ್ಲಿ ಸರಕಿನ ಒಡೆತನ ವರ್ಗವಾಗುವ ಮುನ್ನ ಕೊಟ್ಟರೆ ಸಾಕೆಂದು ಸಡಿಲಿಸಲಾಯಿತು, ಆದರೆ ಉದ್ರಿಯ ನಿಷೇಧ ಹಾಗೆಯೇ ಉಳಿಯಿತು. ವಿದೇಶಿ ವಿನಿಮಯದ ಬರದಲ್ಲಿರುವ ದೇಶಕ್ಕೆ ಸಾಲದ ಮೇಲೆ ಕೊಡುವ ವರ್ತಕನೇ ಹತ್ತಿರದವನು. ಭೂಗೋಳದ ಆಚೆ ಬದಿಯ ವಿಯೆಟ್ನಾಂ ಉದ್ರಿಗೆ ಅಕ್ಕಿ ಕೊಡುವಾಗ, ಫ್ಲಾರಿಡಾ ಜಲಸಂಧಿಯ ಈಚೆಗಿರುವ ಅಮೆರಿಕದ ಅಕ್ಕಿ ಗೋದಾಮಿನಲ್ಲೇ ಉಳಿಯಿತು. ಗವರ್ನರುಗಳು ಕೈಕುಲುಕಿ ಬದಲಾಯಿಸಬಹುದಾದ ಸಂಗತಿ ಇದಾಗಿರಲಿಲ್ಲ.

ಆದ್ದರಿಂದಲೇ ಹವಾನಾದ ಭೇಟಿಗಳಿಗಿಂತ ವಾಷಿಂಗ್ಟನ್‌ಗೆ ಹೋದ ಅಹವಾಲುಗಳು ನನಗೆ ಮುಖ್ಯವಾಗಿ ಕಾಣುತ್ತವೆ. 2015ರ ಅಕ್ಟೋಬರಿನಲ್ಲಿ ಒಂಬತ್ತು ಗವರ್ನರುಗಳು ಸಂಸತ್ತಿನ ನಾಯಕರಿಗೆ ಪತ್ರ ಬರೆದು, ದಿಗ್ಬಂಧನವನ್ನು ತೆಗೆದುಹಾಕಲು ಕ್ರಮ ಕೈಗೊಳ್ಳಿರೆಂದು ಕೇಳಿದರು. ಡೆಮಾಕ್ರಟಿಕ್ ಪಕ್ಷದವರೊಂದಿಗೆ ಅಲಬಾಮಾ ಮತ್ತು ಐಡಹೋದ ರಿಪಬ್ಲಿಕನ್ ಗವರ್ನರುಗಳೂ ಸಹಿ ಹಾಕಿದ್ದರು. ಒಕ್ಕೂಟ ವ್ಯವಸ್ಥೆಯಲ್ಲಿ ರಾಜ್ಯವೊಂದಕ್ಕೆ ಒಪ್ಪುವ ಮಾರ್ಗವೆಂದರೆ ಇದೇ: ತೀರ್ಮಾನಿಸುವ ಅಧಿಕಾರ ಯಾರಲ್ಲಿದೆಯೋ ಅವರೆದುರು ಬಹಿರಂಗವಾಗಿ ವಾದ ಮಂಡಿಸುವುದು. ಆ ಪತ್ರದಿಂದ ದಿಗ್ಬಂಧನ ಹೋಗಲಿಲ್ಲ. ಆದರೆ ನಾರ್ತ್ ಡಕೋಟಾದ ಸೆನೆಟರ್ ಹೈಡಿ ಹೈಟ್‌ಕ್ಯಾಂಪ್ ಮುಂತಾದ ಕೃಷಿ ರಾಜ್ಯಗಳ ಪ್ರತಿನಿಧಿಗಳ ಪ್ರಯತ್ನದಿಂದ 2018ರ ಡಿಸೆಂಬರಿನ ಕೃಷಿ ಕಾಯ್ದೆಯಲ್ಲಿ, ರಫ್ತು ಮಾರುಕಟ್ಟೆ ಬೆಳೆಸಲು ಕೇಂದ್ರ ಕೊಡುವ ಎರಡು ಕಾರ್ಯಕ್ರಮಗಳ ಹಣವನ್ನು ಕ್ಯೂಬಾದಲ್ಲಿಯೂ ಬಳಸಲು ಅವಕಾಶವಾಯಿತು. ಕ್ಯೂಬಾದ ಮೇಲೆ ಮತ್ತೆ ಬಿಗಿ ನೀತಿ ಹಿಡಿದಿದ್ದ ಟ್ರಂಪ್ ಅವರೇ ಅದಕ್ಕೆ ಸಹಿ ಹಾಕಿದರು. ಉದ್ರಿಯ ನಿಷೇಧ ತೆಗೆಯಲು ಆರ್ಕನ್ಸಾದ ರಿಪಬ್ಲಿಕನ್ ಸದಸ್ಯ ರಿಕ್ ಕ್ರಾಫರ್ಡ್ ತಂದ ಮಸೂದೆ ಮಾತ್ರ ಕಾಯ್ದೆಯಾಗಲಿಲ್ಲ.

ಗವರ್ನರುಗಳು ವಿದೇಶಿ ಸರ್ಕಾರಕ್ಕೆ ರಾಜಕೀಯ ಭರವಸೆ ಬರೆದುಕೊಡಬಾರದೆಂಬ ತಮ್ಮ ಮಾತನ್ನು ಈ ಸಂಚಿಕೆಯ ಓದುಗರ ಪುಟದಲ್ಲಿ ತಮ್ಮದೇ ವಾಕ್ಯಗಳಲ್ಲಿ ಪ್ರಕಟಿಸುತ್ತಿದ್ದೇವೆ. ಅವರು ಹೋಗಲೇಬಾರದಿತ್ತೆಂಬ ಭಾಗವನ್ನೂ ಕತ್ತರಿಸಿಲ್ಲ. ಅದರ ಕೆಳಗೆ ನನ್ನ ಭಿನ್ನಾಭಿಪ್ರಾಯವಾಗಿ ಈ ಉತ್ತರವಿರುತ್ತದೆ.

ಇಂತು,
ಸಂಪಾದಕ