ಅಶೋಕ ಮರದ ಹರ್ಬೇರಿಯಂ ರೆಕಾರ್ಡ್‌ನ ಹಾಗೇ ಮ್ಯಾಪಿಗೆ ಹಾಕಬಹುದಾ?

ಹಾಗೇ ಹಾಕ್ಬೇಡಿ. ಜಿಬಿಐಎಫ್ ಅಂದ್ರೆ ಜೀವಿಗಳ ದಾಖಲೆ ಸಿಗೋ ಅಂತರ್ಜಾಲ ತಾಣದಿಂದ ರೆಕಾರ್ಡ್ ಇಳಿಸ್ಕೊಂಡು, ಆ ಚುಕ್ಕೆಗಳನ್ನ ನೋಡಿ ಘಟ್ಟದ ಕಾಡಲ್ಲಿ ಅಶೋಕ ಎಲ್ಲೆಲ್ಲಿದೆ ಅಂತ ಬರೀಬಹುದಾ ಅಂತ ಕೇಳಿದ್ದೀರಲ್ಲ, ನಾನು ಹರ್ಬೇರಿಯಂನಲ್ಲಿ, ಅಂದ್ರೆ ಒಣಗಿಸಿದ ಗಿಡಗಳನ್ನ ಶೀಟಿಗೆ ಅಂಟಿಸಿ ಲೇಬಲ್ ಹಚ್ಚಿ ಕಾಪಾಡೋ ಜಾಗದಲ್ಲಿ, ಲೇಬಲ್ ಓದಿ ಕಂಪ್ಯೂಟರಿಗೆ ತುಂಬೋ ಕೆಲಸ ಮಾಡಿದವಳು, ಅದರಿಂದ ಹೇಳ್ತಿದೀನಿ, ಈ ಮರದ ವಿಷಯದಲ್ಲಿ ಮೊದಲು ಬೇರ್ಪಡಿಸಬೇಕಾದ್ದು ನೆಟ್ಟ ಮರ ಯಾವ್ದು ಕಾಡಿನ ಮರ ಯಾವ್ದು ಅಂತ. ದೇವಸ್ಥಾನ, ಪಾರ್ಕು, ಕಾಲೇಜು ಎಲ್ಲಾ ಕಡೆ ಅಶೋಕ ನೆಟ್ಟಿದಾರೆ, ಅಲ್ಲಿಂದ ಕೊಯ್ದ ರೆಂಬೆನೂ ಶೀಟಾಗಿ ಕೂತಿರುತ್ತೆ, ಲೇಬಲ್ಲಲ್ಲಿ ನೆಟ್ಟದ್ದು ಅಂತ ಬರೆದಿದ್ರೂ ನಿಮಗೆ ಸಿಗೋ ಟೇಬಲ್ಲಲ್ಲಿ ಆ ಕಾಲಂ ಎಷ್ಟೋ ಸಲ ಖಾಲಿ ಇರುತ್ತೆ. ಶೀಟಿನ ಫೋಟೋ ಇದ್ರೆ ತೆಗೆದು ಲೇಬಲ್ ಪೂರ್ತಿ ಓದಿ. ಹಳ್ಳದ ದಂಡೆ, ನಿತ್ಯಹರಿದ್ವರ್ಣ ಕಾಡು, ಎತ್ತರ ಇಷ್ಟು ಅಂತ ಬರೆದಿರೋ ಒಂದು ಶೀಟು ಊರೊಳಗಿನ ಹತ್ತು ಶೀಟಿಗೆ ಸಮ.

ಇನ್ನು ಹೆಸರು. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇದನ್ನ ಜೋನೇಸಿಯ ಅಸೋಕ ಅಂತ ಕರೆದ, ಆಮೇಲೆ ಬಹಳ ಕಾಲ ನಮ್ಮ ಮರಾನ ಸರಾಕ ಇಂಡಿಕ ಅಂತಲೇ ಬರೀತಿದ್ರು, 1968ರಲ್ಲಿ ಡಿ ವೈಲ್ಡ್ ಅನ್ನೋ ಇನ್ನೊಬ್ಬ ಸಸ್ಯಶಾಸ್ತ್ರಜ್ಞರು ಸರಾಕ ಅಸೋಕ ಅಂತ ಮಾಡಿದ್ರು, ಇಂಡಿಕ ಅನ್ನೋದು ಆಗ್ನೇಯ ಏಷ್ಯಾದ ಬೇರೆ ಜಾತಿ. ಹಳೇ ಶೀಟುಗಳು ಈಗಲೂ ಆ ಹೆಸರಲ್ಲೇ ಇರಬಹುದು, ಅದಕ್ಕೆ ಮೂರೂ ಹೆಸರಲ್ಲಿ ಹುಡುಕಿ. ಬೀದಿ ಬದಿಗೆ ಕಂಬದ ಹಾಗೆ ಬೆಳೆಯೋದಕ್ಕೂ ಅಶೋಕ ಅಂತಾರೆ, ಅದು ಸೀತಾಫಲದ ಕುಟುಂಬದ್ದು, ಸಂಶಯ ಬಂದ್ರೆ ಎಲೆ ನೋಡಿ, ನಿಜವಾದ ಅಶೋಕದ್ದು ಸಂಯುಕ್ತ ಎಲೆ, ಅಂದ್ರೆ ಒಂದೇ ತೊಟ್ಟಲ್ಲಿ ಹಲವು ಕಿರುಎಲೆ, ಒಣಗಿದ ಶೀಟಲ್ಲೂ ಎದುರುಬದುರು ಜೋಡಿ ಕಿರುಎಲೆಗಳು ಚೆನ್ನಾಗಿ ಕಾಣುತ್ವೆ.

ಬ್ರಿಟಿಷರ ಕಾಲದ ಕೆಲವು ಲೇಬಲ್ಲಲ್ಲಿ ಬರೀ 'ಮಲಬಾರ್, ಕೊಂಕಣ' ಅಂತಿರುತ್ತೆ ಅಷ್ಟೇ, ಅಂಥದಕ್ಕೆ ಯಾರೋ ಅಕ್ಷಾಂಶ ರೇಖಾಂಶ ಕೊಟ್ಟಿದ್ರೆ ನಂಬ್ಬೇಡಿ, ತೆಗೆದುಬಿಡಿ. ಮತ್ತೆ ಒಬ್ಬರೇ ಒಂದೇ ನಂಬರಲ್ಲಿ ಸಂಗ್ರಹಿಸಿದ್ದರ ಡೂಪ್ಲಿಕೇಟು ಕೋಲ್ಕತ್ತಾ ಹತ್ತಿರದ ಹೌರಾದ ಹರ್ಬೇರಿಯಂನಲ್ಲೂ ಲಂಡನ್ನಿನ ಕ್ಯೂ ಹರ್ಬೇರಿಯಂನಲ್ಲೂ ಇರಬಹುದು, ಸಂಗ್ರಹಕಾರರ ಹೆಸರು, ನಂಬರು, ತಾರೀಖು ಮೂರೂ ಒಂದೇ ಇದ್ರೆ ಒಂದೇ ಮರ ಅಂತ ಲೆಕ್ಕ ಹಿಡೀರಿ.

ಇಷ್ಟೆಲ್ಲಾ ಸೋಸಿದ್ ಮೇಲೆ ಚುಕ್ಕೆ ಕಮ್ಮಿ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಅಶೋಕಾರಿಷ್ಟ ಅನ್ನೋ ಆಯುರ್ವೇದ ಔಷಧಿಗೆ ತೊಗಟೆ ಸುಲಿದು ಸುಲಿದು ಕಾಡಿನ ಮರ ಎಷ್ಟು ಕಡಿಮೆ ಆಗಿದೆ ಅಂದ್ರೆ 1998ರಲ್ಲೇ ಐಯುಸಿಎನ್ ಅನ್ನೋ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಇದನ್ನ ಅಪಾಯದ ಪಟ್ಟಿಗೆ ಸೇರಿಸಿದೆ. ಹಾಗಾಗಿ ಹಳ್ಳದ ಹೆಸರು ಸಮೇತ ಇರೋ ಹಳೇ ಶೀಟು ಸಿಕ್ಕಿದ್ರೆ ಅದೇ ಹಳ್ಳಕ್ಕೆ ಹೋಗಿ ನೋಡ್ಕೊಂಡು ಬನ್ನಿ, ಮರ ಇಲ್ದಿದ್ರೆ ಅದನ್ನೂ ತಾರೀಖು ಹಾಕಿ ಬರೆದಿಡಿ.