ಕೇಳಿದ್ದು ಯಾಕೆ ಒಳಗೆ ಇಳಿಯುವುದಿಲ್ಲ?

ನಮಸ್ಕಾರ. ವರ್ಷಗಟ್ಟಲೆ ಉಪನಿಷತ್ತಿನ ಪ್ರವಚನ ಕೇಳಿದ್ದೇನೆ, ಆದರೂ ಚರ್ಚೆಗೆ ಕೂತರೆ ಎದುರಿನವರ ಮಾತು ಮುಗಿಯುವ ಮೊದಲೇ ಮನಸ್ಸು ಉತ್ತರ ಹುಡುಕುತ್ತದೆ, ಇದು ನನ್ನೊಬ್ಬನ ದೋಷವೇ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಹಲವರಿಗೆ ಆತ್ಮದ ವಿಷಯ ಕೇಳಲೂ ಸಿಗುವುದಿಲ್ಲ, ಕೇಳಿದರೂ ಹಲವರಿಗೆ ತಿಳಿಯುವುದಿಲ್ಲ ಅಂತ ಕಠೋಪನಿಷತ್ತಿನಲ್ಲಿ ಯಮನೇ ನಚಿಕೇತನಿಗೆ ಹೇಳುತ್ತಾನೆ.

ಛಾಂದೋಗ್ಯ ಉಪನಿಷತ್ತಿನ 8ನೇ ಅಧ್ಯಾಯದಲ್ಲಿರುವ ದೇವತೆಗಳ ರಾಜ ಇಂದ್ರ, ಅಸುರರ ರಾಜ ವಿರೋಚನರ ಕಥೆಯನ್ನು ನಿಧಾನವಾಗಿ ಓದಿ. ಆತ್ಮ ಏನೆಂದು ತಿಳಿಯಲು ಇಬ್ಬರೂ ಗುರು ಪ್ರಜಾಪತಿಯ ಬಳಿ 32 ವರ್ಷ ಇದ್ದರು. ಕೇಳಿದ್ದೂ ಒಂದೇ ಮಾತು. ನೀರಿನಲ್ಲಿ ತನ್ನ ಬಿಂಬ ನೋಡಿದ ವಿರೋಚನ ದೇಹವೇ ಆತ್ಮ ಅಂದುಕೊಂಡು ಸಮಾಧಾನದಿಂದ ಹೊರಟುಬಿಟ್ಟ. ಅವನಿಗೆ ಬೇಕಿದ್ದ ಉತ್ತರ ಸಿಕ್ಕಿತ್ತು, ಅಲ್ವಾ? ಇಂದ್ರನೂ ಹೊರಟ. ಆದರೆ ದಾರಿಯಲ್ಲೇ ಅನುಮಾನ ಬಂತು. ದೇಹ ಕುರುಡಾದರೆ ಆತ್ಮವೂ ಕುರುಡಾಗಬೇಕಲ್ಲ? ವಾಪಸ್ ಬಂದ. ಹೀಗೆ ಮತ್ತೆ ಮತ್ತೆ ಬಂದು ಒಟ್ಟು 101 ವರ್ಷ ಅಲ್ಲಿ ಕಳೆದ. ನನಗನ್ನಿಸುವುದು, ಇಂದ್ರ ನಿಜವಾಗಿ ಕೇಳಿಸಿಕೊಂಡದ್ದು ಆ ದಾರಿಯಲ್ಲಿ, ಗುರುವಿನ ಎದುರಿಗಲ್ಲ.

ಹಾಗಾಗಿ ಪ್ರಶ್ನೆ ಏಳುವುದು ತಪ್ಪಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಪತ್ನಿ ಮೈತ್ರೇಯಿಗೆ ಯಾಜ್ಞವಲ್ಕ್ಯ ಋಷಿಗಳು ಹೇಳಿದ್ದೂ ಬರೀ ಕೇಳಬೇಕು ಅಂತಲ್ಲ. ಯೋಚಿಸಬೇಕು, ಧ್ಯಾನಿಸಬೇಕು ಅಂತಲೂ ಹೇಳಿದರು. ಆದರೆ ಇಂದ್ರ ಪ್ರಶ್ನಿಸಿದ್ದು ತಾನೇ ಒಪ್ಪಿಕೊಂಡಿದ್ದನ್ನು. ನಾವು ಜಾಸ್ತಿ ಪ್ರಶ್ನಿಸುವುದು ಎದುರಿನವರನ್ನು.

ಒಂದು ಪ್ರಯತ್ನ ಮಾಡಿ. ಉತ್ತರ ಕೊಡುವ ಮೊದಲು ಅವರ ಮಾತನ್ನು ನಿಮ್ಮ ಮಾತಿನಲ್ಲಿ ಅವರಿಗೇ ಹೇಳಿ. ಅವರು ಹೌದು ಅನ್ನುವವರೆಗೆ ವಾದ ಬೇಡ. ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲೂ ಮೊದಲು ಬರುವುದು ಪೂರ್ವಪಕ್ಷವೇ, ಅಂದರೆ ಎದುರಾಳಿಯ ವಾದ, ಅದೂ ಅವನ ಕಾರಣಗಳ ಸಮೇತ.