ಫಿಫ್ತ್ ವೀಲೋ, ಟ್ರಾವೆಲ್ ಟ್ರೇಲರೋ? ಮೊದಲು ಟ್ರಕ್ಕಿನ ಬಾಗಿಲು ತೆರೆಯಿರಿ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು. ಬೇಸಿಗೆಗೆ ಮೈಸೂರಿನಿಂದ ಅತ್ತೆ-ಮಾವ ಬರುತ್ತಾರೆ; ಮಾವನವರಿಗೆ ಮಂಡಿನೋವು. ನಮ್ಮ ಅರ್ಧ ಟನ್ ದರ್ಜೆಯ (ಹಗುರ ದರ್ಜೆಯ) ಪಿಕಪ್ ಟ್ರಕ್ 11,000 ಪೌಂಡ್ ಎಳೆಯುವುದರಿಂದ 9,500 ಪೌಂಡಿನ ಫಿಫ್ತ್ ವೀಲನ್ನು (ಪಿಕಪ್ಪಿನ ತೊಟ್ಟಿಯೊಳಗೆ ಕೊಂಡಿ ಹಾಕುವ ಮನೆಗಾಡಿ) ಧಾರಾಳವಾಗಿ ಕೊಳ್ಳಬಹುದು, ಟ್ರಾವೆಲ್ ಟ್ರೇಲರಿಗಿಂತ (ಪಿಕಪ್ಪಿನ ಹಿಂಬದಿಗೆ ಕೊಂಡಿ ಹಾಕುವ ಮನೆಗಾಡಿ) ಅದೇ ಸುರಕ್ಷಿತ ಎನ್ನುತ್ತಾರೆ ಮಾರಾಟಗಾರರು. ಕೊಳ್ಳಲೇ?

ಉತ್ತರ: ಕೊಳ್ಳಬೇಡಿ. ಈ ತಿಂಗಳು ಇದೇ ಪ್ರಶ್ನೆ ನಾಲ್ಕನೆಯ ಸಲ ಬಂದಿದೆ. ಟ್ರಕ್ಕು ಎಷ್ಟು ಎಳೆಯುತ್ತದೆ ಎಂದು ನಾಲ್ವರೂ ಬರೆದರು, ಎಷ್ಟು ಹೊರುತ್ತದೆ ಎಂದು ಒಬ್ಬರೂ ಬರೆಯಲಿಲ್ಲ. ಚಾಲಕರ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಹಳದಿ-ಬಿಳಿ ಸ್ಟಿಕರ್ ಇದೆ: ಜನ, ಸಾಮಾನು ಸೇರಿ ಇಷ್ಟು ಪೌಂಡ್ ಮೀರಕೂಡದು ಎಂದು. ನಿಮ್ಮದರ ಫೋಟೊವನ್ನು ಕೇಳಿ ತರಿಸಿಕೊಂಡೆ. ಮಗು ಅಂಟಿಸಿದ ಡೈನೋಸಾರಿನ ಬಾಲದ ಕೆಳಗೆ 1,540 ಎಂದು ಕಾಣುತ್ತಿದೆ.

ಫಿಫ್ತ್ ವೀಲ್ ತನ್ನ ತೂಕದ ಐದರಲ್ಲೊಂದು ಪಾಲನ್ನು, ಕೆಲವೊಮ್ಮೆ ನಾಲ್ಕರಲ್ಲೊಂದು ಪಾಲನ್ನು, ಕಿಂಗ್‌ಪಿನ್ನಿನ (ಅದರ ಮುಂಭಾಗದ ಕೊಂಡಿಗೂಟದ) ಮೂಲಕ ಟ್ರಕ್ಕಿನ ಬೆನ್ನಿನ ಮೇಲೇ ಹೇರುತ್ತದೆ. 9,500ಕ್ಕೆ ಶೇ 20 ಎಂದರೆ 1,900. ನೀವಿನ್ನೂ ಒಳಗೆ ಕೂತೇ ಇಲ್ಲ, ಆಗಲೇ ಮಿತಿ 360 ಪೌಂಡ್ ಮೀರಿತು. ಹಿಚ್ಚಿನ, ಅಂದರೆ ಟ್ರಕ್ಕಿಗೆ ಕೂರಿಸುವ ಕೊಂಡಿಯ, ಭಾರ ಬೇರೆ. ಮಾರಾಟಗಾರರ 11,000 ಸುಳ್ಳಲ್ಲ. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗಿರುವವರು ತಲಾ 150 ಪೌಂಡಿನ ಇಬ್ಬರು ಮಾತ್ರ. ನೀವು ಆರು ಜನ.

ಫಿಫ್ತ್ ವೀಲ್ ಹೆಚ್ಚು ಸ್ಥಿರ ಎನ್ನುವುದು ನಿಜ. ಕೊಂಡಿ ಹಿಂದಿನ ಆಕ್ಸಲಿನ ನೇರದಲ್ಲಿ ಕೂರುವುದರಿಂದ ಪಕ್ಕದಲ್ಲಿ ಭಾರಿ ಲಾರಿ ಹಾದರೂ ಅಷ್ಟಾಗಿ ಅಲುಗುವುದಿಲ್ಲ. ಆದರೆ ಅದು ಹೊರಬಲ್ಲ ಟ್ರಕ್ಕಿಗೆ, ಅಂದರೆ ಮುಕ್ಕಾಲು ಟನ್, ಒಂದು ಟನ್ ಎಂಬ ಭಾರಿ ದರ್ಜೆಯದಕ್ಕೆ ಹೇಳಿದ ಮಾತು.

ನಿಮ್ಮ ಟ್ರಕ್ಕಿಗೆ ಟ್ರಾವೆಲ್ ಟ್ರೇಲರೇ ಸರಿ, ಅದೂ ಚಿಕ್ಕದು. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಸೋಲುತ್ತದೆ. ಟ್ರೇಲರಿನ ತೂಕದ ಶೇ 10ರಿಂದ 15ರಷ್ಟು ಹಿಚ್ಚಿನ ಮೇಲಿರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ತೊನೆದಾಡಿ ಟ್ರಕ್ಕನ್ನೂ ಎಳೆದಾಡುತ್ತದೆ. ಈಗ ಲೆಕ್ಕ ಹಾಕಿ. ಆರು ಜನಕ್ಕೆ ಸುಮಾರು 750 ಪೌಂಡ್ ಕಳೆದರೆ ಉಳಿಯುವುದು 790. ತುಂಬಿದ ಟ್ರೇಲರ್ 5,000 ಪೌಂಡಿದ್ದರೆ ಶೇ 13ರಂತೆ 650. ಭಾರ ಹಂಚುವ ಹಿಚ್ಚಿಗೆ 80. ಮಿಕ್ಕಿದ್ದು 60 ಪೌಂಡ್. ಒಂದು ಐಸ್ ಪೆಟ್ಟಿಗೆ ಇಟ್ಟರೆ ಮುಗಿಯಿತು.

ಈ 5,000 ಎಂದರೆ ಟ್ರೇಲರಿನ ಮೇಲೆ ಅಚ್ಚಾಗಿರುವ ಗರಿಷ್ಠ ತೂಕ, ಕರಪತ್ರದಲ್ಲಿರುವ ಖಾಲಿ ತೂಕವಲ್ಲ. 40 ಗ್ಯಾಲನ್ ನೀರೇ 333 ಪೌಂಡ್ ತೂಗುತ್ತದೆ. ಕುಕ್ಕರ್, ಗ್ರೈಂಡರ್, ಅಕ್ಕಿಚೀಲಗಳನ್ನು ಯಾವ ಕರಪತ್ರವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅತ್ತೆ-ಮಾವ ಬಂದಾಗ ಕ್ಯಾಂಪ್ ಮೈದಾನದಲ್ಲೇ ಅವರಿಗೊಂದು ಕ್ಯಾಬಿನ್ ಹಿಡಿಯಿರಿ. ಫಿಫ್ತ್ ವೀಲಿನ ದೊಡ್ಡ ಮಲಗುವ ಕೋಣೆ ಸಾಮಾನ್ಯವಾಗಿ ಒಳಮೆಟ್ಟಿಲುಗಳ ಮೇಲಿರುತ್ತದೆ. ಮಂಡಿನೋವಿನವರು ರಾತ್ರಿ ಅದನ್ನು ಇಳಿದು ಬಚ್ಚಲಿಗೆ ಹೋಗುವುದನ್ನು ನೆನೆಸಿಕೊಳ್ಳಿ.

ಹಿಂದಿನ ಸ್ಪ್ರಿಂಗಿಗೆ ಗಾಳಿಚೀಲ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿಯಾರು. ಅಂಥವರ ಅಂಗಡಿಯಿಂದ ಎದ್ದು ಬನ್ನಿ. ಕುಸಿದ ಹಿಂಭಾಗವನ್ನು ಅದು ಎತ್ತಿ ನಿಲ್ಲಿಸುತ್ತದೆ, ಅಷ್ಟೇ; ಆಕ್ಸಲ್, ಬೇರಿಂಗ್, ಟೈರು, ಬ್ರೇಕು ಹಳೆಯವೇ. ಕಳೆದ ಬೇಸಿಗೆ ಹಾಗೆ ಮಾಡಿಸಿಕೊಂಡ ಒಂದು ಟ್ರಕ್ಕು ನನ್ನ ಶೆಡ್ಡಿಗೆ ಬಂತು. ನೋಡಲು ಹಲಗೆಯಿಟ್ಟಷ್ಟು ಸಮವಾಗಿತ್ತು. ಹಿಂದಿನ ಟೈರಿನ ಪಕ್ಕ ಅಂಗೈ ಇಟ್ಟೆ, ಎರಡು ಕ್ಷಣ ಇಟ್ಟುಕೊಳ್ಳಲಾಗಲಿಲ್ಲ. ಹಿಂದಿನ ಸೀಟಿನಲ್ಲಿ ಮೂರು ಮಕ್ಕಳು ಚಿಪ್ಸ್ ತಿನ್ನುತ್ತಿದ್ದರು. ಟ್ರೇಲರ್ ಬಿಚ್ಚದೆ ಮುಂದೆ ಹೋಗಲು ನಾನು ಬಿಡಲಿಲ್ಲ. ಅವರಪ್ಪನಿಗೆ ನನ್ನ ಮೇಲೆ ಇಂದಿಗೂ ಸಿಟ್ಟಿದೆ. ಇರಲಿ.

ಕೊಂಡ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಸಾಮಾನು ತುಂಬಿ, ಟ್ರಕ್ ನಿಲ್ದಾಣದ ತೂಕದ ಕಟ್ಟೆಯ ಮೇಲೆ ಒಮ್ಮೆ ನಿಲ್ಲಿಸಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ವೇಗದ ಮಿತಿ 55 ಮೈಲಿ; ಹಿಂದಿನವರು ಹಾರ್ನ್ ಹೊಡೆಯಲಿ, ನೀವು ಮೀರಬೇಡಿ.

ಪ್ರಶ್ನೆ: ದಾರಿಯಲ್ಲಿ ಮಕ್ಕಳು ಟ್ರೇಲರಿನಲ್ಲೇ ಮಲಗಿ ಬರಬಹುದೇ?

ಉತ್ತರ: ಕೂಡದು. ಕ್ಯಾಲಿಫೋರ್ನಿಯಾದ ಕಾನೂನು ಫಿಫ್ತ್ ವೀಲಿಗೆ ಷರತ್ತಿನ ಮೇಲೆ ಒಪ್ಪುತ್ತದೆ, ನಾನು ಒಪ್ಪುವುದಿಲ್ಲ.

ಪ್ರಶ್ನೆ: ಯೊಸೆಮಿಟಿಗೆ 30 ಅಡಿಯ ಟ್ರೇಲರ್ ಒಯ್ಯಬಹುದೇ?

ಉತ್ತರ: ಅಲ್ಲಿನ ಅಪ್ಪರ್ ಪೈನ್ಸ್ ಕ್ಯಾಂಪಿನಲ್ಲಿ ಟ್ರೇಲರಿಗೆ 24 ಅಡಿಯೇ ಮಿತಿ. ಜಾಗ ಕಾದಿರಿಸುವ ಪುಟದಲ್ಲೇ ಬರೆದಿರುತ್ತದೆ, ಓದಿ.

ಪ್ರಶ್ನೆ: 2016ರ ಟ್ರೇಲರ್ ಟೈರುಗಳ ಗೆರೆಗಳು ಸವೆದೇ ಇಲ್ಲ. ಇನ್ನೂ ಓಡಿಸಬಹುದಲ್ಲವೇ?

ಉತ್ತರ: ಇಲ್ಲ. ಟ್ರೇಲರ್ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಈ ವಾರವೇ ನಾಲ್ಕನ್ನೂ ಬದಲಿಸಿ, ಸ್ಟೆಪ್ನಿಯನ್ನೂ ಸೇರಿಸಿ.